ಬಟ್ಟೆ ಮಡಿಸುವ ಯಂತ್ರಕ್ಕೆ ಕೆಮ್ಮು ಬಂದದ್ದು

ಯಂತ್ರ ಕೆಮ್ಮಿತು.

ವಿಶ್ವವಿದ್ಯಾಲಯದ ತಂತ್ರಜ್ಞಾನ ಉದ್ಯಮಶೀಲತಾ ವಿಭಾಗದ ಪ್ರಯೋಗಶಾಲೆಯಲ್ಲಿ ಆ ಹೊತ್ತಿಗೆ ಕಣ್ಣಿಗೆ ಕಾಣುವಂತೆ ಇದ್ದವರು ಇಬ್ಬರೇ. ಒಬ್ಬರು ವಿಭಾಗದ ಮುಖ್ಯಸ್ಥರು, ಇನ್ನೊಬ್ಬರು ನಮ್ಮ ಮೇಷ್ಟ್ರು. ಮುಖ್ಯಸ್ಥರು ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ಆಳೆತ್ತರದ ಆ ಉಕ್ಕಿನ ಯಂತ್ರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಮೇಷ್ಟ್ರು ಎಳ್ಳಷ್ಟೂ ತಡಮಾಡದೆ ತಾವೂ ಕೆಮ್ಮಿದರು.

"ಏನ್ರೀ ಅದು?"

"ನಾನೇ ಸಾರ್. ಗಂಟಲು ಸರಿಯಿಲ್ಲ."

"ನೀವು ಕೆಮ್ಮಿದ್ದು ಆಮೇಲೆ. ಮೊದಲು ಕೆಮ್ಮಿದ್ದು ಯಾರು?"

"ಅದೂ ನಾನೇ ಸಾರ್. ಈ ಕೋಣೇಲಿ ಪ್ರತಿಧ್ವನಿ ಸ್ವಲ್ಪ ಮುಂಚೆ ಬರುತ್ತೆ."

ಮುಖ್ಯಸ್ಥರು ಭೌತವಿಜ್ಞಾನ ಓದಿದವರಲ್ಲ, ಆಡಳಿತಶಾಸ್ತ್ರ ಓದಿದವರು. ಆದ್ದರಿಂದ ಒಪ್ಪಿಕೊಂಡರು.

"ಇರಲಿ. ಗುರುವಾರ ಹೋಟೆಲ್ ಯಜಮಾನರು ಯಂತ್ರ ನೋಡೋಕೆ ಬರ್ತಿದ್ದಾರೆ. ಕುಲಪತಿಗಳೂ ಬರ್ತಾರೆ. ಎಲ್ಲಾ ಸರಿಹೋದ್ರೆ ಅಲ್ಲೇ ನಿಮ್ಮ ಹುದ್ದೆ ಖಾಯಂ ಮಾಡಿಸಿಬಿಡ್ತೀನಿ. ಹೆಚ್ಚುಕಮ್ಮಿ ಆಯ್ತೋ, ಬೇರೆ ಕೆಲಸ ನೋಡ್ಕೊಳ್ಳಿ. ಅವತ್ತು ಮಾತ್ರ ಕೆಮ್ಮಬೇಡಿ."

ಅವರು ಹೊರಗೆ ಹೋದರು. ಬಾಗಿಲು ಮುಚ್ಚಿತು. ಯಂತ್ರದ ಹೊಟ್ಟೆಯಿಂದ ಗಂಭೀರವಾದ ಧ್ವನಿಯೊಂದು ಹೊರಟಿತು.

"ಅಳಿಯಂದಿರೇ, ಹೋದರಾ ಆ ಮನುಷ್ಯ? ಕುಡಿಯೋಕೆ ಬಿಸಿನೀರು ಕೊಡಿ."

ಹೌದು. ಯಂತ್ರದೊಳಗೆ ಕುಳಿತಿದ್ದವರು ಮೇಷ್ಟ್ರಿಗೆ ಹೆಣ್ಣು ಕೊಟ್ಟ ಮಾವ. ಗೌರವಾನ್ವಿತರಾದ ಒಬ್ಬ ಹಿರಿಯರು ಉಕ್ಕಿನ ಬೀರುವಿನೊಳಗೆ ಹೋಗಿ ಕೂರುವ ಸ್ಥಿತಿ ಏಕೆ ಬಂತೆಂಬುದನ್ನು ಹೇಳದೆ ಕಥೆಯನ್ನು ಮುಂದಕ್ಕೆ ಓಡಿಸುವುದು ಅನ್ಯಾಯವಾದೀತು.

ನಮ್ಮ ಮೇಷ್ಟ್ರು ಪಾಠ ಹೇಳುತ್ತಿದ್ದುದು ಒಂದೇ ವಿಷಯವನ್ನು. ಹೊಸ ತಂತ್ರಜ್ಞಾನವನ್ನು ಹಿಡಿದು ಉದ್ಯಮ ಕಟ್ಟುವುದು ಹೇಗೆ? ಹೇಗೆ ಎಂಬುದು ಅವರಿಗೆ ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟವಾಗಿತ್ತು. ಕಟ್ಟಿದ್ದು ಮಾತ್ರ ಏನೂ ಇರಲಿಲ್ಲ. ಈಜು ಕಲಿಸುವವನು ನೀರಿಗಿಳಿದಿರಬೇಕೆಂಬ ನಿಯಮ ವಿಶ್ವವಿದ್ಯಾಲಯಗಳಲ್ಲಿ ಇಲ್ಲವಾದ್ದರಿಂದ ಕಾಲ ಸುಖವಾಗಿಯೇ ಸಾಗುತ್ತಿತ್ತು. ಆದರೆ ಒಂದು ದಿನ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

"ಸಾರ್, ನೀವು ಏನು ಶುರು ಮಾಡಿದ್ದೀರಾ?"

"ಪಾಠ" ಎಂದುಬಿಟ್ಟಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಮೇಷ್ಟ್ರು ಕಿಟಕಿಯಾಚೆ ನೋಡಿದರು. ಸಿಬ್ಬಂದಿಯ ವಸತಿಗೃಹಗಳ ಮಹಡಿಯಲ್ಲಿ, ತಂತಿಯ ಮೇಲೆ, ಯಾರದೋ ಅಂಗಿಗಳು ಗಾಳಿಗೆ ಕೈಬೀಸಿ ಕರೆಯುತ್ತಿದ್ದವು.

"ಬಟ್ಟೆ ಮಡಿಸುವ ಯಂತ್ರ," ಎಂದರು ಮೇಷ್ಟ್ರು.

"ಅಯ್ಯೋ, ನಮ್ಮಮ್ಮಂಗೆ ಅದೇ ಬೇಕಿತ್ತು! ಯಾವಾಗ ಮುಗಿಯುತ್ತೆ ಸಾರ್?"

"ಸದ್ಯದಲ್ಲೇ."

ವಿದ್ವಾಂಸರ ಬಾಯಲ್ಲಿ ಈ ಮಾತಿಗೆ ನಿವೃತ್ತಿಯವರೆಗೂ ವಾಯಿದೆ ಇರುತ್ತದೆ. ವಿದ್ಯಾರ್ಥಿನಿಗೆ ಅದು ತಿಳಿಯದು. ಸಂಜೆಯ ಹೊತ್ತಿಗೆ ಸುದ್ದಿ ಮುಖ್ಯಸ್ಥರ ಮೇಜನ್ನು ತಲುಪಿತ್ತು.

ಮೇಷ್ಟ್ರು ಧೃತಿಗೆಡಲಿಲ್ಲ. ಅವರ ಶಾಸ್ತ್ರದಲ್ಲಿ ಇಂಥ ಸಂಕಟಕ್ಕೆಂದೇ ಒಂದು ವಿಧಾನವುಂಟು. ಯಂತ್ರವನ್ನು ಕಟ್ಟುವ ಮೊದಲು ಅದು ಯಾರಿಗಾದರೂ ಬೇಕೇ ಎಂದು ತಿಳಿಯಬೇಕು. ಅದಕ್ಕಾಗಿ ಖಾಲಿ ಪೆಟ್ಟಿಗೆಯೊಳಗೆ ಒಬ್ಬ ಮನುಷ್ಯನನ್ನು ಕೂರಿಸಿ, ಯಂತ್ರವೇ ಕೆಲಸ ಮಾಡುತ್ತಿದೆಯೆಂದು ಹೊರಗಿನವರನ್ನು ನಂಬಿಸಿ, ಜನ ಬರುತ್ತಾರೋ ಇಲ್ಲವೋ ನೋಡಬೇಕು. ಪ್ರಯೋಗ ಮುಗಿದ ಮೇಲೆ ನಿಜ ಹೇಳಬೇಕು. ಇದಿಷ್ಟನ್ನೂ ಮೇಷ್ಟ್ರು ಪ್ರಾಮಾಣಿಕವಾಗಿ ಬರೆದು ಮುಖ್ಯಸ್ಥರ ಮುಂದಿಟ್ಟರು. ಮುಖ್ಯಸ್ಥರು ಯಾವುದನ್ನೇ ಆಗಲಿ ಶೀರ್ಷಿಕೆ ಮತ್ತು ಕೊನೆಯ ಪುಟ ಮಾತ್ರ ಓದುವವರು. ಶೀರ್ಷಿಕೆಯಲ್ಲಿ ಯಂತ್ರವಿತ್ತು. ಕೊನೆಯ ಪುಟದಲ್ಲಿ ಅವರದೇ ಸಹಿಗೆ ಜಾಗವಿತ್ತು. ಮನುಷ್ಯ ಇದ್ದದ್ದು ನಡುವೆ.

ಇನ್ನು ಕೂರಿಸುವುದು ಯಾರನ್ನು? ಅದಕ್ಕೆ ಮನೆಯಲ್ಲೇ ಉತ್ತರ ಕಾದಿತ್ತು.

ಮಾವನವರು ಸರ್ಕಾರಿ ಉಗ್ರಾಣದ ಮೇಲಧಿಕಾರಿಯಾಗಿ ನಿವೃತ್ತರಾಗಿ, ಅತ್ತೆಯವರೊಂದಿಗೆ ಮಗಳ ಮನೆಯ ಹಿಂದಿನ ಬೀದಿಯಲ್ಲಿ ನೆಲೆಸಿದ್ದರು. ಆಳಲು ಇಲಾಖೆಯಿಲ್ಲದ ಕಾರಣ ಮಗಳ ಬಟ್ಟೆಯ ಕಪಾಟನ್ನು ಆಳುತ್ತಿದ್ದರು. ಬೆಳಿಗ್ಗೆ ಬಂದವರೇ ಮಡಿಸಿಟ್ಟ ಬಟ್ಟೆಯನ್ನೆಲ್ಲ ಕೆಡವಿ, ಮತ್ತೆ ತಮ್ಮ ಕ್ರಮದಲ್ಲಿ ಮಡಿಸಿ, ಮಗಳಿಗೆ ಛೀಮಾರಿ ಹಾಕಿ ಹೋಗುತ್ತಿದ್ದರು.

"ರೀ, ಇವತ್ತೂ ಬಂದಿದ್ರು ಅಪ್ಪ," ಎಂದಳು ಮೇಷ್ಟ್ರ ಹೆಂಡತಿ. "ಕರವಸ್ತ್ರಕ್ಕೆ ಮೂಲೆಗೆ ಮೂಲೆ ಕೂತಿಲ್ಲಾಂತ ನನ್ನಿಂದ ವಿವರಣೆ ಕೇಳಿದ್ರು. ವಿವರಣೆ! ನಾನು ಅವರ ಮಗಳೋ, ಗುಮಾಸ್ತೆಯೋ? ಎಲ್ಲಾದ್ರೂ ಕರ್ಕೊಂಡು ಹೋಗಿ ಅವರನ್ನ. ಇಲ್ದಿದ್ರೆ ನಾನೇ ಎಲ್ಲಾದ್ರೂ ಹೊರಟುಬಿಡ್ತೀನಿ."

ಮೇಷ್ಟ್ರ ಕಣ್ಣು ಮಿಂಚಿತು. ಇರಲಾರದೆ ಇರುವೆ ಬಿಟ್ಟುಕೊಳ್ಳುವವರ ಕಣ್ಣು ಹೀಗೆಯೇ ಮಿಂಚುತ್ತದೆ.

"ಪೆಟ್ಟಿಗೇಲಿ ಕೂರೋದಾ? ನಾನಾ?" ಮಾವನವರು ಕುರ್ಚಿಯಿಂದ ಅರ್ಧ ಎದ್ದರು. "ನನ್ನ ಕೈಕೆಳಗೆ ಎಷ್ಟು ಜನ ಇದ್ರು ಗೊತ್ತೇನ್ರೀ ನಿಮಗೆ?"

"ಗೊತ್ತು ಮಾವ. ಅದಕ್ಕೇ ಕೇಳ್ತಿರೋದು. ಇಡೀ ಊರಲ್ಲಿ ಸರಿಯಾಗಿ ಮಡಿಸೋಕೆ ಬರೋದು ಇನ್ಯಾರಿಗೆ, ಹೇಳಿ?"

ಮಾವನವರು ಕೂತರು. "ಹುದ್ದೆಗೆ ಹೆಸರೇನು?"

"ಸಲಹೆಗಾರರು ಅಂತ ಇಟ್ಕೊಳ್ಳೋಣ."

"ಇಟ್ಕೊಳ್ಳೋದೇನು, ಇಟ್ಟಾಯ್ತು. ಆದ್ರೆ ಒಂದು ಮಾತು. ಒಳಗಿರೋದು ನಾನು ಅಂತ ಒಂದು ನರಪಿಳ್ಳೆಗೂ ತಿಳಿಯಬಾರದು. ತಿಳಿದ ದಿನ ನೀವು ನನಗೆ ಅಳಿಯ ಅಲ್ಲ, ನಾನು ನಿಮಗೆ ಮಾವ ಅಲ್ಲ."

ಮೇಷ್ಟ್ರು ಮಾತು ಕೊಟ್ಟರು. ದೀಪ ಹಚ್ಚುವ ಹೊತ್ತಿಗೆ ಅತ್ತೆಯವರು ಬೀದಿಯ ಮನೆಮನೆಗೂ ಸುದ್ದಿ ಮುಟ್ಟಿಸಿದ್ದರು. "ನಮ್ಮೋರನ್ನ ವಿಶ್ವವಿದ್ಯಾಲಯದೋರು ಸಲಹೆಗಾರರಾಗಿ ಮಾಡ್ಕೊಂಡಿದ್ದಾರೆ. ಬೇಡ ಬೇಡ ಅಂದ್ರೂ ಕಾಲು ಹಿಡಿದ್ರಂತೆ."

ರಸಾಯನವಿಜ್ಞಾನದವರು ಹೊರಗೆ ಹಾಕಿದ್ದ ಹಳೆಯ ಬೀರು ಯಂತ್ರವಾಯಿತು. ಎದುರಿಗೆ, ಬಟ್ಟೆ ಹಾಕಲು ಮೇಲೊಂದು ಕಿಂಡಿ, ಮಡಿಸಿದ್ದು ಹೊರಬರಲು ಕೆಳಗೊಂದು ಕಿಂಡಿ. ಗುಂಯ್‌ಗುಡಲು ಒಂದು ಮೇಜುಪಂಖದ ಮೋಟಾರು. ಹಸಿರು ದೀಪ, ಕೆಂಪು ದೀಪ. ಒಳಗೆ ಒಂದು ಸ್ಟೂಲು, ಮಡಿಸಲು ಹಲಗೆ, ನೀರಿನ ಬಾಟಲಿ. ಬೆನ್ನಿನ ಕಡೆ, ಗೋಡೆಗೆ ಮರೆಯಾಗಿ, ಮಾವನವರು ಹೋಗಿಬರುವ ಬಾಗಿಲು.

ಮೊದಲು ಬಂದವರು ಸಿಬ್ಬಂದಿಯ ವಸತಿಗೃಹದಲ್ಲಿದ್ದ ಗ್ರಂಥಪಾಲಕಿ. ಒಗೆದ ಬಟ್ಟೆಯ ಗಂಟನ್ನು ಕಿಂಡಿಗೆ ತುರುಕಿ ಕೈಕಟ್ಟಿ ನಿಂತರು. ಮಡಿಕೆಗಳು ಒಂದೊಂದಾಗಿ ಹೊರಬಂದವು. ಪುಸ್ತಕದಷ್ಟು ಚೊಕ್ಕ, ಇಟ್ಟಿಗೆಯಷ್ಟು ಸಮ. ಕೊನೆಯಲ್ಲಿ ಒಂದು ಬನಿಯನ್ ಮಾತ್ರ ಮುದ್ದೆಯಾಗಿಯೇ ಹೊರಗೆ ಬಿತ್ತು.

"ಮೇಷ್ಟ್ರೇ, ನಿಮ್ಮ ಯಂತ್ರ ನಮ್ಮೆಜಮಾನ್ರ ಬನಿಯನ್ ವಾಪಸ್ ಮಾಡ್ತು."

"ಏನೋ ದೋಷ ಇರಬೇಕು ಮೇಡಂ, ನೋಡ್ತೀನಿ..."

"ದೋಷ ಬನಿಯನ್‌ದು. ತೂತಿದೆ. ಕಟ್ಕೊಂಡಾಗಿಂದ ಹೇಳ್ತಿದ್ದೀನಿ, ಬಿಸಾಕಿ ಅಂತ. ನನ್ನ ಮಾತು ಕೇಳಲಿಲ್ಲ. ಈಗ ಯಂತ್ರವೇ ಹೇಳಿದೆ ಅಂತೀನಿ. ನಾಳೆ ಅವರ ಪ್ಯಾಂಟುಗಳನ್ನೂ ತರ್ತೀನಿ, ಒಂದು ಕಣ್ಣು ಹಾಯಿಸಲಿ."

ಮಾವನವರು ತಮ್ಮ ಸೇವಾವಧಿಯಲ್ಲಿ ಯಾರ ಅರ್ಜಿಯನ್ನೂ ಮೊದಲ ಸಲಕ್ಕೆ ಒಪ್ಪಿಕೊಂಡವರಲ್ಲ. ಬಟ್ಟೆಯ ವಿಷಯದಲ್ಲಿ ಧೋರಣೆ ಬದಲಿಸಲು ಅವರಿಗೆ ಕಾರಣ ಕಾಣಲಿಲ್ಲ. ಕಲೆಯಿದ್ದರೆ ವಾಪಸ್ಸು, ಹಸಿಯಿದ್ದರೆ ವಾಪಸ್ಸು, ಒಳಹೊರಗಾಗಿದ್ದರೆ ವಾಪಸ್ಸು. ವಾಪಸ್ಸು ಬಂದಷ್ಟೂ ಯಂತ್ರದ ಮೇಲೆ ಜನರ ಭಕ್ತಿ ಹೆಚ್ಚಿತು. ಪ್ರಯೋಗಶಾಲೆಯ ಮುಂದಿನ ಸಾಲು ಮೆಟ್ಟಿಲಿಳಿದು, ಸೈಕಲ್ ನಿಲ್ಲಿಸುವ ತಾಣವನ್ನು ದಾಟಿತು. ಊಟದ ನಂತರ ಬೀರುವಿನಿಂದ ಗೊರಕೆಯ ಸದ್ದು ಏಳುತ್ತಿತ್ತು. ಆಗ ಮೇಷ್ಟ್ರು ಓಡಿಬಂದು ಕೆಂಪು ದೀಪ ಹೊತ್ತಿಸಿ, "ಯಂತ್ರ ತಣಿಯುತ್ತಿದೆ" ಎಂಬ ಫಲಕವನ್ನು ತೂಗುಹಾಕುತ್ತಿದ್ದರು. ಪಾಠದ ನಡುವೆ ಓಡುವುದು, ಫಲಕ ಹಾಕುವುದು, ಮತ್ತೆ ಓಡುವುದು. ಮೇಷ್ಟ್ರ ಸೊಂಟದ ಪಟ್ಟಿ ಸಡಿಲವಾಯಿತು.

ಆಮೇಲೆ ಮುಖ್ಯಸ್ಥರು ತಮ್ಮ ಅಂಗಿಯನ್ನು ತಂದರು. ಹಾಕಿದರು. ಅದು ಹೊರಗೆ ಬಂದು ಬಿತ್ತು. ಎರಡನೆಯ ಗುಂಡಿ ಇರಲಿಲ್ಲ.

"ಗುಂಡಿ ಇಲ್ಲ ಅಂತ ಕಂಡುಹಿಡೀತಲ್ರೀ!" ಮುಖ್ಯಸ್ಥರು ಕುಣಿದಾಡಿದರು. "ಕೃತಕ ಬುದ್ಧಿಮತ್ತೆ!"

ಮಾತು ಕೊಟ್ಟ ಮೇಷ್ಟ್ರ ನಾಲಿಗೆ ಒಂದು ಕಡೆ ಎಳೆಯಿತು, ಸಂಶೋಧಕನ ಆತ್ಮಸಾಕ್ಷಿ ಇನ್ನೊಂದು ಕಡೆ. "ಸಾರ್... ಬುದ್ಧಿಮತ್ತೆ ಇದೆ. ಕೃತಕ ಅಂತ ಹೇಳೋಕಾಗಲ್ಲ."

"ಅಷ್ಟು ಸಹಜ ಅನ್ನಿ!"

"ಅಲ್ಲ ಸಾರ್, ನಾನು ಕೊಟ್ಟ ಬರಹದ ಮಧ್ಯದ ಪುಟಗಳನ್ನ ದಯವಿಟ್ಟು..."

"ಮಧ್ಯದ್ದೆಲ್ಲಾ ನೀವೇ ನೋಡ್ಕೊಳ್ಳಿ," ಎಂದು ಮುಖ್ಯಸ್ಥರು ಕುಲಪತಿಗಳ ಕಚೇರಿಯತ್ತ ಓಡಿದರು. ಕುಲಪತಿಗಳು ತಮ್ಮ ಹಳೆಯ ಸ್ನೇಹಿತರಾದ ಹೋಟೆಲ್ ಯಜಮಾನರಿಗೆ ಫೋನು ಮಾಡಿದರು. ಗುರುವಾರ ನಿಶ್ಚಯವಾದದ್ದು ಹೀಗೆ. ಮಾವನವರಿಗೆ ಕೆಮ್ಮು ಶುರುವಾದದ್ದೂ ಅದೇ ವಾರ.

ಬುಧವಾರ ಮೇಷ್ಟ್ರು ಕೈಮುಗಿದರು. "ಮಾವ, ನಾಳೆ ಒಂದು ದಿನ ವಿಶ್ರಾಂತಿ ತಗೊಳ್ಳಿ. ಯಂತ್ರ ಕೆಟ್ಟಿದೆ ಅಂದುಬಿಡ್ತೀನಿ."

"ಏನಂದ್ರಿ? ನಾನು ಕೆಟ್ಟಿದ್ದೀನಾ?"

"ನೀವಲ್ಲ ಮಾವ, ಯಂತ್ರ."

"ಎರಡೂ ಒಂದೇ. ಸೇವೇಲಿದ್ದಾಗ ಒಂದು ದಿನ ರಜೆ ಹಾಕಿದೋನಲ್ಲ ನಾನು. ಯಾರೋ ದೊಡ್ಡ ಮನುಷ್ಯರು ನನ್ನ ಕೆಲಸ ನೋಡೋಕೆ ಅಷ್ಟು ದೂರದಿಂದ ಬರ್ತಿದ್ದಾರೆ. ಮನೇಲಿ ಮಲಗಲಾ?"

ಗುರುವಾರ ಬಂತು.

ಪ್ರಯೋಗಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಕುಲಪತಿಗಳು, ಮುಖ್ಯಸ್ಥರು. ಹಿಂದೆ ವಸತಿಗೃಹದವರೆಲ್ಲ, ಗ್ರಂಥಪಾಲಕಿಯ ನೇತೃತ್ವದಲ್ಲಿ, ಆ ದಿನದ ಗಂಟುಗಳನ್ನು ಹಿಡಿದೇ ಬಂದಿದ್ದರು. ಕಿಟಕಿಯ ಸರಳಿಗೆ ವಿದ್ಯಾರ್ಥಿಗಳು ಜೋತುಬಿದ್ದಿದ್ದರು. ಹೋಟೆಲ್ ಯಜಮಾನರು ಚೀಲದಿಂದ ಒಂದು ಬಿಳಿಯ ಹಾಸನ್ನು ಎಳೆದು ತೆಗೆದರು.

"ಹಾಸಿಗೆಗೆ ಹಾಕೋ ಹಾಸು. ನಾಲ್ಕು ಮೂಲೆಗೂ ಇಲಾಸ್ಟಿಕ್. ಇದನ್ನ ಮಡಿಸೋ ಮನುಷ್ಯ ಇನ್ನೂ ಹುಟ್ಟಿಲ್ಲ, ನನ್ನ ಹತ್ರ ಎಲ್ಲರೂ ಸುತ್ತಿ ತುರುಕ್ತಾರೆ. ನಿಮ್ಮ ಯಂತ್ರ ಮಡಿಸಿತೋ, ನನ್ನ ಹೋಟೆಲುಗಳಿಗೆಲ್ಲಾ ಒಂದೊಂದು ಬೇಕು."

ಹಾಸು ಕಿಂಡಿಯೊಳಗೆ ಹೋಯಿತು.

ಮೋಟಾರು ಗುಂಯ್‌ಗುಟ್ಟಿತು. ಬೀರು ಒಮ್ಮೆ ಅಲುಗಿತು. ಒಳಗಿನಿಂದ ದಢ್ ಎಂಬ ಸದ್ದು. ಆಮೇಲೆ, ಹಾಸು ಮುದ್ದೆಯಾಗಿ ಹೊರಗೆ ಬಿತ್ತು.

"ಮಡಿಸಲಿಲ್ಲ," ಎಂದರು ಯಜಮಾನರು.

"ಇದು ಮೊದಲ ಸಲ. ಮೊದಲ ಸಲ ಯಂತ್ರ ಯಾವುದನ್ನೂ ಒಪ್ಪಲ್ಲ," ಎಂದು ಹಿಂದಿನಿಂದ ಗ್ರಂಥಪಾಲಕಿ ಅನುಭವದಿಂದ ನುಡಿದರು. "ಮುಟ್ಟಿ ನೋಡಿ, ಎಲ್ಲೋ ಹಸಿ ಇರುತ್ತೆ."

ಯಜಮಾನರು ಮುಟ್ಟಿದರು. ಒಂದು ಮೂಲೆ ಹಸಿಯಿತ್ತು. ಅವರ ಹುಬ್ಬು ಮೇಲಕ್ಕೆ ಹೋಯಿತು. ಮೂಲೆಯನ್ನು ಕೋಣೆಯ ಫ್ಯಾನಿನ ಗಾಳಿಗೆ ಹಿಡಿದು ಒಣಗಿಸಿ, ಹಾಸನ್ನು ಮತ್ತೆ ಕಿಂಡಿಗೆ ಹಾಕಿದರು.

ಬಾಗಿಲು ತೆರೆಯಿತು. ಬೀರುವಿನದಲ್ಲ, ಕೋಣೆಯದು. ಕೈಯಲ್ಲಿ ಫ್ಲಾಸ್ಕು ಹಿಡಿದ ಅತ್ತೆಯವರು, ಬೆನ್ನಿಗೆ ಇಬ್ಬರು ನೆಂಟರನ್ನು ಕಟ್ಟಿಕೊಂಡು ಒಳಬಂದರು.

"ಅಳಿಯಂದಿರೇ, ನಮ್ಮೋರ ಕೋಣೆ ಯಾವುದು? ಕೆಮ್ಮಿನ ಮಾತ್ರೆ ಮರೆತು ಬಂದುಬಿಟ್ಟಿದ್ದಾರೆ. ಇವರೂ ಬಂದ್ರು, ಕಚೇರಿ ನೋಡಬೇಕಂತೆ."

ಮೇಷ್ಟ್ರಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನೆಲ ವಿಶ್ವವಿದ್ಯಾಲಯದ್ದು, ಮೇಲಿನವರ ಅಪ್ಪಣೆಯಿಲ್ಲದೆ ಬಾಯಿ ಬಿಡುವುದಿಲ್ಲ.

"ಯಾರಮ್ಮ ನಿಮ್ಮೋರು?" ಎಂದು ಮುಖ್ಯಸ್ಥರು ಕೇಳಿದರು.

"ಅಯ್ಯೋ, ಚೆನ್ನಾಗಿದೆ! ನಿಮ್ಮ ಸಲಹೆಗಾರರು! ನೀವೇ ಅಲ್ವೇನ್ರೀ ಕಾಲು ಹಿಡಿದದ್ದು?"

ಕುಲಪತಿಗಳು ಮುಖ್ಯಸ್ಥರ ಕಡೆ ತಿರುಗಿದರು. "ನಿಮ್ಮ ವಿಭಾಗದಲ್ಲಿ ಸಲಹೆಗಾರರು ಇದ್ದಾರಾ?"

ಗೊತ್ತಿಲ್ಲ ಎಂಬ ಮಾತನ್ನು ಮುಖ್ಯಸ್ಥರು ಜನ್ಮದಲ್ಲಿ ಆಡಿದವರಲ್ಲ. "ಇದ್ದಾರೆ ಸಾರ್. ತೆರೆಮರೆಯಲ್ಲಿ ಕೆಲಸ ಮಾಡ್ತಾರೆ."

ಅಷ್ಟರಲ್ಲಿ ಹಸಿರು ದೀಪ ಹೊತ್ತಿತು. ಕೆಳಗಿನ ಕಿಂಡಿಯಿಂದ ಹಾಸು ಹೊರಬಂತು. ಚೌಕ! ಕತ್ತರಿಸಿಟ್ಟಂಥ ಚೌಕ! ಇಲಾಸ್ಟಿಕ್ಕಿನ ಒಂದು ಎಳೆಯೂ ಹೊರಗೆ ಇಣುಕುತ್ತಿರಲಿಲ್ಲ. ಕುಲಪತಿಗಳು ಎದ್ದು ಚಪ್ಪಾಳೆ ತಟ್ಟಿದರು. ಮುಖ್ಯಸ್ಥರು ಮೇಷ್ಟ್ರ ಬೆನ್ನು ತಟ್ಟಿದರು. ಇನ್ನೇನು, ಗೆದ್ದಂತೆಯೇ ಎಂದು ಮೇಷ್ಟ್ರು ಉಸಿರು ಬಿಡುವಷ್ಟರಲ್ಲಿ, ಅತ್ತೆಯವರು ಮುಂದೆ ಬಂದು ಹಾಸನ್ನು ಎತ್ತಿ ತಿರುಗಿಸಿ ನೋಡಿದರು.

"ಇದು ನಮ್ಮೋರ ಮಡಿಕೆ."

"ಯಂತ್ರದ್ದು ಅತ್ತೆ," ಎಂದರು ಮೇಷ್ಟ್ರು. ಸ್ವರ ಕೀರಲಾಗಿತ್ತು.

"ನನಗೆ ಹೇಳ್ತೀರಾ? ಮೂಲೆಯೊಳಗೆ ಮೂಲೆ ತೂರಿಸಿ, ಕೊನೇಲಿ ಅಂಗೈಯಿಂದ ಒಂದು ಏಟು ಕೊಡ್ತಾರೆ. ನೋಡಿ, ಏಟಿನ ಗುರುತು. ಇಷ್ಟು ವರ್ಷ ಇದರ ಮೇಲೇ ಮಲಗಿದ್ದೀನಿ."

ಯಂತ್ರ ಕೆಮ್ಮಿತು. ಈ ಸಲ ದೀರ್ಘವಾಗಿ, ಕಫಸಮೇತ. ಮೇಷ್ಟ್ರು ತಾವೂ ಕೆಮ್ಮಲೆಂದು ಬಾಯಿ ತೆರೆದರು, ಗಾಳಿ ಮಾತ್ರ ಹೊರಬಂತು. ಅತ್ತೆಯವರು ಬೀರುವಿನ ಬಳಿ ಹೋಗಿ, ಬಾಗಿ, ಕೆಳಗಿನ ಕಿಂಡಿಗೆ ಬಾಯಿಟ್ಟರು.

"ರೀ, ಮಾತ್ರೆ."

ಮೋಟಾರು ಗುಂಯ್‌ಗುಡುತ್ತಿತ್ತು. ಕಿಟಕಿಯ ಸರಳಿಗೆ ಜೋತುಬಿದ್ದವರು ಕತ್ತು ಉದ್ದ ಮಾಡಿದರು.

ಕಿಂಡಿಯಿಂದ ಮೆಲ್ಲಗೆ ಒಂದು ಕೈ ಹೊರಬಂತು, ಅಂಗೈ ಮೇಲಾಗಿ.

ಅತ್ತೆಯವರು ಮಾತ್ರೆ ಇಟ್ಟರು. ಕೈ ಒಳಗೆ ಹೋಯಿತು. ಮತ್ತೆ ಬಂತು. ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಬಗ್ಗಿಸಿ ಕೊಟ್ಟರು. ಅದೂ ಒಳಗೆ ಹೋಯಿತು.

"ಕೈ ಇದೆ ಇದಕ್ಕೆ!" ಎಂದು ಯಜಮಾನರು ಚೀರಿದರು.

"ಎರಡಿದೆ," ಎಂದರು ಗ್ರಂಥಪಾಲಕಿ.

ಮೇಷ್ಟ್ರು ಅವರತ್ತ ತಿರುಗಿದರು. "ನಿಮಗೆ ಗೊತ್ತಿತ್ತಾ ಮೇಡಂ?"

"ಮೊದಲ ದಿನವೇ. ಯಾವ ಯಂತ್ರ ಸೀನಿ 'ಅಪ್ಪಾ ದೇವರೇ' ಅನ್ನುತ್ತೆ? ಇಡೀ ಸಾಲಿಗೇ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ. ಆಮೇಲೆ ಮಡಿಸೋರು ಯಾರು, ನಿಮ್ಮ ಸಂಶೋಧನೆನಾ?"

ಮುಖ್ಯಸ್ಥರು ಕುರ್ಚಿಗೆ ಕುಸಿದು, ಕೈಯಲ್ಲಿದ್ದ ಬರಹದ ಮಧ್ಯದ ಪುಟಗಳನ್ನು ಮೊದಲ ಸಲ ತಿರುವತೊಡಗಿದರು. ಮೇಷ್ಟ್ರ ಕಣ್ಣಮುಂದೆ ಹುದ್ದೆ ಒಂದು ಕಡೆಯಿಂದ, ಅಳಿಯತನ ಇನ್ನೊಂದು ಕಡೆಯಿಂದ ಕೈಬೀಸಿ ಹೊರಟು ನಿಂತಂತಾಯಿತು. ಆಗ ಬೀರುವಿನ ಹಿಂದಿನ ಬಾಗಿಲು ಕಿರುಗುಟ್ಟಿತು. ಕೋಟಿನ ಗುಂಡಿ ಹಾಕಿಕೊಂಡು, ತಲೆ ಬಾಚಿಕೊಂಡು, ಮಾವನವರು ಹೊರಬಂದು ಸಭೆಯನ್ನು ಈ ತುದಿಯಿಂದ ಆ ತುದಿಗೆ ದೃಷ್ಟಿಸಿದರು.

"ಯಾರ ಅಪ್ಪಣೆ ತಗೊಂಡು ಇಷ್ಟು ಜನ ಒಳಗೆ ನುಗ್ಗಿದ್ದೀರಿ? ಸಾಲಾಗಿ ನಿಲ್ಲಿ!"

ಎಲ್ಲರೂ ಸಾಲಾಗಿ ನಿಂತರು. ಕುಲಪತಿಗಳೂ ನಿಂತರು. ಅಧಿಕಾರದ ದನಿ ಎಂಥದೆಂದು ಅಧಿಕಾರಿಗಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅತ್ತೆಯವರು ಬೀರುವಿನೊಳಗೆ ಇಣುಕಿ, ನೆಂಟರಿಗೂ ತೋರಿಸಿದರು. ಸ್ಟೂಲು, ಹಲಗೆ, ನೀರಿನ ಬಾಟಲಿ. ಅವರ ಮುಖ ಕಪ್ಪಿಟ್ಟಿತು. "ಇಷ್ಟೇ ಇಷ್ಟು ಕೋಣೆನಾ ಕೊಟ್ಟಿರೋದು? ಒಂದು ಕಿಟಕೀನೂ ಇಲ್ಲ! ಹೆಣ್ಣು ಕೊಟ್ಟ ಮಾವನ್ನ ನೋಡ್ಕೊಳ್ಳೋ ರೀತಿನಾ ಇದು, ಅಳಿಯಂದಿರೇ?"

ನೆಂಟರು ತಲೆಯಾಡಿಸಿದರು. ಕೋಣೆ ಚಿಕ್ಕದು ಎಂಬುದಷ್ಟೇ ಅವರ ತಕರಾರು. ಮಾವನವರ ಮಾನ ಉಳಿಯಿತು. ಮೇಷ್ಟ್ರ ಅಳಿಯತನವೂ ಅದರ ಬೆನ್ನಿಗೆ ಅಂಟಿಕೊಂಡು ಉಳಿಯಿತು.

ಯಜಮಾನರು ಮಡಿಸಿದ ಹಾಸನ್ನು ಎದೆಗವಚಿಕೊಂಡು ಮುಂದೆ ಬಂದರು. "ಇದನ್ನ ಮಡಿಸಿದ್ದು ತಾವಾ?"

"ಮೊದಲು ವಾಪಸ್ ಕಳಿಸಿದ್ದೂ ನಾನೇ. ಹಸಿ ಬಟ್ಟೆ ತಂದು ಕೊಡ್ತೀರಲ್ಲ, ನಾಚಿಕೆ ಆಗಲ್ವೇ?"

ಯಜಮಾನರ ಕಣ್ಣು ತುಂಬಿಬಂತು. "ನನ್ನ ಹತ್ರ ಮಡಿಸೋರು ಬೇಕಾದಷ್ಟು ಜನ ಇದ್ದಾರೆ ಸ್ವಾಮಿ. ಹೀಗೆ ಬೈದು ವಾಪಸ್ ಕಳಿಸೋರು ಒಬ್ಬರೂ ಇಲ್ಲ. ಮೇಲ್ವಿಚಾರಕರಾಗಿ ಬರ್ತೀರಾ?"

"ಕೈಕೆಳಗೆ ಜನ ಇರ್ತಾರಾ?" ಎಂದರು ಮಾವನವರು.

"ತುಂಬಾ."

"ಕೋಣೆಗೆ ಕಿಟಕಿ?" ಎಂದರು ಅತ್ತೆ.

"ಎರಡು ಕಡೆ."

ಮುಖ್ಯಸ್ಥರು ಚೆಂಡಿನಂತೆ ಪುಟಿದೆದ್ದರು. ವಿಭಾಗ ಹುಟ್ಟಿದಂದಿನಿಂದ ಅದರಿಂದ ಒಂದು ಉದ್ಯಮವಾಗಲಿ, ಒಂದು ಉದ್ಯೋಗವಾಗಲಿ ಹುಟ್ಟಿರಲಿಲ್ಲ ಎಂಬುದು ಅವರ ಎದೆಯ ಮುಳ್ಳಾಗಿತ್ತು. "ನೋಡಿದ್ರಾ ಸಾರ್!" ಎಂದು ಕುಲಪತಿಗಳ ಕೈ ಹಿಡಿದರು. "ಉದ್ಯೋಗ ಸೃಷ್ಟಿ! ತಮ್ಮ ಕಣ್ಣೆದುರೇ! ಒಳಗೆ ಮನುಷ್ಯನ್ನ ಕೂರಿಸೋದು ನಮ್ಮ ಶಾಸ್ತ್ರದ ಒಂದು ಮಾನ್ಯ ವಿಧಾನ ಸಾರ್. ಮಧ್ಯದ ಪುಟಗಳಲ್ಲಿ ವಿವರವಾಗಿ ಬರೆದಿದೆ."

ಕುಲಪತಿಗಳು ಅಲ್ಲೇ, ಬೀರುವಿನ ಮೈಮೇಲೆ ಕಾಗದವಿಟ್ಟು, ಸಹಿ ಹಾಕಿದರು. ನಮ್ಮ ಮೇಷ್ಟ್ರ ಹುದ್ದೆ ಖಾಯಂ ಆಯಿತು. ಮೇಷ್ಟ್ರು ಆನಂದದಿಂದ ಹೆಂಡತಿಗೆ ಫೋನು ಮಾಡಲು ಹೊರಟರು.

"ಸ್ವಲ್ಪ ನಿಲ್ಲಿ," ಎಂದರು ಗ್ರಂಥಪಾಲಕಿ. ಅವರ ಹಿಂದೆ ಇಡೀ ವಸತಿಗೃಹ ಗಂಟುಗಳನ್ನು ಹಿಡಿದು ನಿಂತಿತ್ತು. "ಇವನ್ನ ಏನು ಮಾಡೋದು?"

"ಹೌದ್ರೀ, ಈ ಸೇವೆ ನಿಲ್ಲಬಾರದು," ಎಂದರು ಕುಲಪತಿಗಳು. "ನಮ್ಮ ಮನೆಯಿಂದಲೂ ಒಂದು ಗಂಟು ಬರೋದಿದೆ."

ಎಲ್ಲರ ದೃಷ್ಟಿ ಬೀರುವಿನ ತೆರೆದ ಬಾಗಿಲ ಕಡೆ ಹೋಯಿತು. ಅಲ್ಲಿಂದ ಮೆಲ್ಲಗೆ ಮೇಷ್ಟ್ರ ಕಡೆ ಹೊರಳಿತು. ಮುಖ್ಯಸ್ಥರು ಅವರ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ಈಗ ನೀವು ಖಾಯಂ ಆದೋರು. ಜವಾಬ್ದಾರಿ ಇರುತ್ತೆ."

ಸಾಲು ಇಂದಿಗೂ ಸೈಕಲ್ ತಾಣವನ್ನು ದಾಟಿಯೇ ನಿಲ್ಲುತ್ತದೆ. "ಹೊಸ ಭಾಗ ಹಾಕಿದ ಮೇಲೆ ಯಂತ್ರ ಮೊದಲಿನ ಹಾಗಿಲ್ಲ," ಎಂದು ಗ್ರಂಥಪಾಲಕಿ ಎಲ್ಲರೆದುರು ಹೇಳುತ್ತಿರುತ್ತಾರೆ. "ಅಂಗಿಯ ತೋಳನ್ನ ಹೊರಗೇ ಬಿಟ್ಟಿರುತ್ತೆ. ತೂತಿದ್ದರೂ ವಾಪಸ್ ಮಾಡೋ ಧೈರ್ಯ ಇಲ್ಲ."

ಮೊನ್ನೆ ಹಿಂದಿನ ಬೆಂಚಿನ ಆ ವಿದ್ಯಾರ್ಥಿನಿ ತನ್ನ ಅಮ್ಮನ ಗಂಟನ್ನು ತಂದಳು. ಕಿಂಡಿಗೆ ಹಾಕಿ, ಅತ್ತಿತ್ತ ನೋಡಿ, ಬಾಗಿ ಪಿಸುಗುಟ್ಟಿದಳು.

"ಸಾರ್, ನಿಜವಾದ ಯಂತ್ರ ಯಾವಾಗ ಮುಗಿಯುತ್ತೆ?"

ಮೋಟಾರು ಗುಂಯ್‌ಗುಟ್ಟಿತು. ಒಂದು ತೋಳು ಹೊರಗೆ ಜೋತಾಡುತ್ತಿದ್ದ ಅಂಗಿಯೊಂದು ಕೆಳಗಿನ ಕಿಂಡಿಯಿಂದ ನಿಧಾನವಾಗಿ ಹೊರಬಂತು.

"ಸದ್ಯದಲ್ಲೇ," ಎಂದಿತು ಯಂತ್ರ.